ಒಂದೇ ಕಂತು, ಮನೆಗೊಂದು ಮಾತು: ಫ್ಯಾಂಟಸಿ ಧಾರಾವಾಹಿಗಳ ಆರಂಭಕ್ಕೆ ಮಿಶ್ರ ಪ್ರತಿಕ್ರಿಯೆ ಏಕೆ?

ಬೆಂಗಳೂರು: 2022ರ ಸೆಪ್ಟೆಂಬರ್ 2, ಶುಕ್ರವಾರ. ಗಣೇಶ ಚೌತಿ ಮುಗಿದು ಎರಡು ದಿನವಾಗಿತ್ತು. ಬೆಳಿಗ್ಗೆ ಆರೂವರೆ. ವಸಂತಪುರದ ಗುಡ್ಡದ ಮೇಲಿನ ವಸಂತವಲ್ಲಭರಾಯ ಸ್ವಾಮಿ ದೇವಸ್ಥಾನದತ್ತ ಭಕ್ತರು ಹೆಜ್ಜೆ ಹಾಕುವ ಹೊತ್ತಿಗೆ, ಅದೇ ಬಡಾವಣೆಯ ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಕಾಲೇಜು ಹುಡುಗನೊಬ್ಬ ಸ್ನಾನವನ್ನೂ ಮಾಡದೆ ಟಿ.ವಿ. ಮುಂದೆ ಕುಳಿತಿದ್ದ. ಅಮೆಜಾನ್ ಪ್ರೈಮ್ ವಿಡಿಯೊದಲ್ಲಿ 'ದ ಲಾರ್ಡ್ ಆಫ್ ದ ರಿಂಗ್ಸ್: ದ ರಿಂಗ್ಸ್ ಆಫ್ ಪವರ್' ಧಾರಾವಾಹಿಯ ಮೊದಲ ಎರಡು ಕಂತುಗಳು ಆಗಷ್ಟೇ ತೆರೆದುಕೊಂಡಿದ್ದವು. ಅಮೆರಿಕದಲ್ಲಿ ಅದು ಹಿಂದಿನ ರಾತ್ರಿಯ ಪ್ರದರ್ಶನ. ನಮ್ಮಲ್ಲಿ ಸುಪ್ರಭಾತದ ವೇಳೆ.

ಹುಡುಗ ಇಂಗ್ಲಿಷಿನಲ್ಲಿ ನೋಡುತ್ತಿದ್ದ. ಕಾಫಿ ಲೋಟ ಹಿಡಿದು ಬಂದು ಕುಳಿತ ಅಜ್ಜಿ ಹತ್ತು ನಿಮಿಷ ಸುಮ್ಮನಿದ್ದು, "ಇದು ಕನ್ನಡದಲ್ಲಿ ಬರುವುದಿಲ್ಲವೇನೋ ಪುಟ್ಟಾ?" ಎಂದು ಕೇಳಿದರು. ಬರುತ್ತಿತ್ತು. ಹಿಂದಿ, ತಮಿಳು, ತೆಲುಗು, ಮಲಯಾಳಗಳ ಜೊತೆಗೆ ಕನ್ನಡದ ಧ್ವನಿಯೂ ಮೊದಲ ದಿನದಿಂದಲೇ ಲಭ್ಯವಿತ್ತು. ಗೊಣಗುತ್ತಲೇ ಹುಡುಗ ಭಾಷೆ ಬದಲಿಸಿದ. ಕಂತು ಮುಗಿಯುವಷ್ಟರಲ್ಲಿ ಅವನ ತೀರ್ಪು, "ಕನ್ನಡದಲ್ಲಿ ಮಜಾ ಇಲ್ಲ ಅಜ್ಜಿ." ಅಜ್ಜಿಯ ತೀರ್ಪು, "ಈಗಲಾದರೂ ತಲೆಬುಡ ಗೊತ್ತಾಯಿತು."

ಒಂದೇ ಸೂರಿನಡಿ ಹೀಗಾದರೆ ಊರಿನಲ್ಲಿ, ಜಗತ್ತಿನಲ್ಲಿ ಏನಾಗಿರಬಹುದು? ಅದೇ ಆಯಿತು. ಮೊದಲ ದಿನವೇ ವಿಶ್ವದಾದ್ಯಂತ 2.5 ಕೋಟಿಗೂ ಹೆಚ್ಚು ಜನ ನೋಡಿದರೆಂದು ಅಮೆಜಾನ್ ಘೋಷಿಸಿತು. ವಿಮರ್ಶಕರಲ್ಲಿ ಹೆಚ್ಚಿನವರು ದೃಶ್ಯವೈಭವವನ್ನು ಕೊಂಡಾಡಿದರು. ಆದರೆ ಅಂಕ ನೀಡುವ ತಾಣಗಳಲ್ಲಿ ಸಾಮಾನ್ಯ ವೀಕ್ಷಕರ ಅಂಕಗಳು ವಿಮರ್ಶಕರ ಅಂಕಗಳಿಗಿಂತ ಬಹಳ ಕೆಳಗಿದ್ದವು. ಹತ್ತಕ್ಕೆ ಹತ್ತು ಕೊಟ್ಟವರೂ ಇದ್ದರು, ಒಂದು ಕೊಟ್ಟವರೂ ಇದ್ದರು. ನಡುವೆ ನಿಂತವರು ಕಡಿಮೆ. ನೋಡದೆಯೇ ಅಂಕ ಹಾಕುವವರ ಕಾಟ ತಡೆಯಲು ಅಮೆಜಾನ್ ತನ್ನ ತಾಣದಲ್ಲಿ ವೀಕ್ಷಕರ ಅಭಿಪ್ರಾಯಗಳನ್ನು 72 ಗಂಟೆ ತಡೆದು ಪರಿಶೀಲಿಸಿ ಪ್ರಕಟಿಸುವ ಕ್ರಮಕ್ಕೂ ಮುಂದಾಯಿತು.

ಈ ಒಡಕನ್ನು 'ರುಚಿಭೇದ' ಎಂದು ತಳ್ಳಿಹಾಕುವುದು ಸುಲಭ. ಆದರೆ ಪೊಲೀಸ್ ಕಥೆಯೋ ಅತ್ತೆ-ಸೊಸೆಯರ ಕಥೆಯೋ ಆರಂಭವಾದಾಗ ವೀಕ್ಷಕರು ಇಷ್ಟು ಕಟುವಾಗಿ ಇಬ್ಭಾಗವಾಗುವುದಿಲ್ಲ. ಫ್ಯಾಂಟಸಿಗೆ ಮಾತ್ರ ಅಂಟಿಕೊಂಡ ಕಷ್ಟವೊಂದಿದೆ. ಅದರ ಮೊದಲ ಕಂತು ಒಂದೇ ಗಂಟೆಯಲ್ಲಿ, ಪರಸ್ಪರ ಹೊಂದದ ನಿರೀಕ್ಷೆ ಹೊತ್ತು ಬಂದ ಜನರಿಗೆ ಏಕಕಾಲಕ್ಕೆ ಉತ್ತರ ಹೇಳಬೇಕಾಗುತ್ತದೆ.

ಒಡ್ಡೋಲಗದ ಸಮಸ್ಯೆ

ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಪಾತ್ರವೊಂದು ರಂಗಕ್ಕೆ ಬರುವಾಗ ನೇರವಾಗಿ ಕಥೆಗೆ ಇಳಿಯುವುದಿಲ್ಲ. ಒಡ್ಡೋಲಗವಿದೆ, ತೆರೆ, ಕುಣಿತ, ಪರಿಚಯ, ಪೀಠಿಕೆಗಳಿವೆ. ಇದಕ್ಕೆ ಸಮಯ ಹಿಡಿಯುತ್ತದೆ. ಪ್ರೇಕ್ಷಕ ಬೇಸರಪಡದಿರುವುದಕ್ಕೆ ಮುಖ್ಯ ಕಾರಣ, ಬರುತ್ತಿರುವವನು ಕರ್ಣನೋ ಕೀಚಕನೋ ಎಂಬುದು ಅವನಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದವನು ಹೇಗೆ ಬರುತ್ತಾನೆಂಬುದನ್ನು ನೋಡುವುದರಲ್ಲೇ ಸುಖ.

ಅದೇ ಒಡ್ಡೋಲಗವನ್ನು ಅಪರಿಚಿತ ಲೋಕದ ಅಪರಿಚಿತ ಪಾತ್ರಗಳಿಗೆ ಮಾಡಿಸಿದರೆ? 'ರಿಂಗ್ಸ್ ಆಫ್ ಪವರ್' ಮಾಡಿದ್ದು ಅದನ್ನೇ. ಮೊದಲ ಎರಡು ಕಂತುಗಳೊಳಗೆ ಎಲ್ಫ್‌ಗಳ ರಾಜಧಾನಿ, ದಕ್ಷಿಣ ದೇಶದ ಮನುಷ್ಯರ ಹಳ್ಳಿ, ಹಾರ್ಫುಟ್ ಎಂಬ ಕುಳ್ಳ ಅಲೆಮಾರಿಗಳ ಬಿಡಾರ, ಕುಬ್ಜರ ಭೂಗತ ನಗರ, ನಡುಗಡಲಿನಲ್ಲಿ ತೇಲುವ ತೆಪ್ಪ ಎಲ್ಲವೂ ಬಂದುಹೋಗುತ್ತವೆ. ಟೋಲ್ಕಿನ್ನನ ಕೃತಿಗಳನ್ನು ಓದಿದವರಿಗೆ ಇದು ಒಡ್ಡೋಲಗ. ಓದದವರಿಗೆ ಮೆಜೆಸ್ಟಿಕ್ ಬಸ್ ನಿಲ್ದಾಣ: ಎಲ್ಲರೂ ಎಲ್ಲಿಗೋ ಹೊರಟಿದ್ದಾರೆ, ಯಾರು ಎಲ್ಲಿಗೆಂದು ತಿಳಿಯದು. 'ನಿಧಾನ' ಎಂಬ ದೂರು ಹುಟ್ಟಿದ್ದು ಇಲ್ಲಿಂದ.

ಹಾಗಾದರೆ ಓದಿದವರಾದರೂ ತೃಪ್ತರಾದರೇ? ಅವರೇ ಹೆಚ್ಚು ಸಿಟ್ಟಾದವರು. ಅದಕ್ಕೊಂದು ಹಿನ್ನೆಲೆಯಿದೆ. ಧಾರಾವಾಹಿಯ ಹಕ್ಕುಗಳಿಗಾಗಿ ಅಮೆಜಾನ್ 2017ರಲ್ಲಿ ಸುಮಾರು 25 ಕೋಟಿ ಡಾಲರ್ ತೆತ್ತಿತೆಂದು ವರದಿಗಳು ಹೇಳಿದ್ದವು. ಮೊದಲ ಸೀಸನ್ನಿನ ನಿರ್ಮಾಣ ವೆಚ್ಚ ಅದಕ್ಕೂ ಮಿಗಿಲು, ಸುಮಾರು 46.5 ಕೋಟಿ ಡಾಲರ್. ಇಷ್ಟೆಲ್ಲ ಸುರಿದರೂ ದೊರೆತದ್ದು 'ದ ಲಾರ್ಡ್ ಆಫ್ ದ ರಿಂಗ್ಸ್' ಮತ್ತು 'ದ ಹಾಬಿಟ್' ಕೃತಿಗಳ ಆಧಾರವಷ್ಟೇ. ಧಾರಾವಾಹಿಯ ಕಾಲವಾದ 'ಎರಡನೆಯ ಯುಗ'ದ ವಿವರಗಳು ಹೆಚ್ಚಾಗಿರುವ 'ದ ಸಿಲ್ಮರಿಲಿಯನ್' ಕೈಗೆ ಸಿಗಲಿಲ್ಲ. 'ಲಾರ್ಡ್ ಆಫ್ ದ ರಿಂಗ್ಸ್'ನ ಕೊನೆಗೆ ಲೇಖಕ ಸೇರಿಸಿದ ಅನುಬಂಧಗಳನ್ನೇ ಆಧರಿಸಿ ಕಥೆ ಕಟ್ಟಬೇಕಾಯಿತು. ಆ ಯುಗದ ಅವಧಿ 3,441 ವರ್ಷ. ಸಾವಿರಾರು ವರ್ಷಗಳ ಅಂತರದಲ್ಲಿ ನಡೆದ ಸಂಗತಿಗಳನ್ನು ಒಬ್ಬ ಮನುಷ್ಯನ ಆಯುಷ್ಯದೊಳಗೆ ಕುಗ್ಗಿಸದೆ ಬೇರೆ ದಾರಿಯಿರಲಿಲ್ಲ.

ಆದ್ದರಿಂದ ಪುಸ್ತಕಪ್ರಿಯರು ಮೊದಲ ಕಂತಿನಲ್ಲಿ ಕಂಡದ್ದು ತಮಗೆ ಗೊತ್ತಿದ್ದ ಹೆಸರುಗಳು, ಗೊತ್ತಿಲ್ಲದ ಘಟನೆಗಳು. ಮಾರ್ಫಿಡ್ ಕ್ಲಾರ್ಕ್ ನಟಿಸಿದ ಗಲಾಡ್ರಿಯಲ್ ಇಲ್ಲಿ ಸೇಡಿಗಾಗಿ ಅಲೆಯುವ ಸೇನಾನಾಯಕಿ. ಪೀಟರ್ ಜಾಕ್ಸನ್ ಅವರ ಚಿತ್ರಗಳಲ್ಲಿ ಕಂಡ ಪ್ರಶಾಂತ ರಾಣಿಯಲ್ಲ. ಈ ಆಕ್ಷೇಪವನ್ನು ಚರ್ಚಿಸಬಹುದು, ಒಪ್ಪಬಹುದು, ನಿರಾಕರಿಸಬಹುದು.

ಅದರ ಮರೆಯಲ್ಲೇ ಇನ್ನೊಂದು ಬಗೆಯ ಆಕ್ಷೇಪವೂ ಬಂದಿತು. ಎಲ್ಫ್ ಯೋಧ ಅರೊಂಡಿರನಾಗಿ ಇಸ್ಮಾಯೆಲ್ ಕ್ರೂಸ್ ಕೊರ್ಡೊವಾ, ಹಾರ್ಫುಟ್ ಹಿರಿಯನಾಗಿ ಲೆನ್ನಿ ಹೆನ್ರಿ, ಕುಬ್ಜರ ರಾಜಕುಮಾರಿ ಡೀಸಾ ಆಗಿ ಸೋಫಿಯಾ ನೊಮ್ವೆಟೆ ನಟಿಸಿದ್ದನ್ನೇ ಕೆಲವರು ಅಪರಾಧವೆಂಬಂತೆ ಕಂಡರು. ಅವರ ಚರ್ಮದ ಬಣ್ಣ ಬಿಳಿಯಲ್ಲ ಎಂಬುದೇ ದೂರು. ಕುಬ್ಜ ಸ್ತ್ರೀಯರಿಗೆ ಗಡ್ಡವಿರಬೇಕಿತ್ತು, ಡೀಸಾಳಿಗೆ ಗಡ್ಡವಿಲ್ಲ ಎಂದು ಆಕ್ಷೇಪಿಸಿದವರೂ ಇದ್ದರು. ಅದು ಪುಸ್ತಕಪ್ರಿಯರ ವಾದ, ಅದಕ್ಕೆ ಆಧಾರವಿದೆ, ನಗಲೂ ಅವಕಾಶವಿದೆ. ಬಣ್ಣದ ವಾದಕ್ಕೆ ಎರಡೂ ಇಲ್ಲ. ನಟರ ಮೇಲೆ ಬಂದ ಬೆದರಿಕೆ, ನಿಂದನೆಗಳನ್ನು ಖಂಡಿಸಿ ತಂಡವು ಸೆಪ್ಟೆಂಬರ್ 7ರಂದು ಬಹಿರಂಗ ಹೇಳಿಕೆ ನೀಡಿತು. ಹಳೆಯ ಚಿತ್ರಗಳ ನಟ ಎಲೈಜಾ ವುಡ್ ಮತ್ತು ಸಂಗಡಿಗರು ಅದನ್ನು ಬೆಂಬಲಿಸಿದರು. ಪ್ರಾಮಾಣಿಕ ನಿರಾಶೆ ಮತ್ತು ದ್ವೇಷ ಎರಡೂ ಒಂದೇ 'ಒಂದು ಅಂಕ'ದಲ್ಲಿ ಬೆರೆತುಹೋದುದರಿಂದ, ಅಂಕಗಳನ್ನು ನೋಡಿ ವೀಕ್ಷಕರ ಮನಸ್ಸನ್ನು ಅಳೆಯುವುದು ಆ ವಾರ ಅಸಾಧ್ಯವಾಗಿತ್ತು.

ಪುಸ್ತಕ ಓದಿದವರ ಮುನಿಸು

ಮೂಲ ಲೇಖಕನೇ ಮುನಿಸಿಕೊಂಡ ಉದಾಹರಣೆಯೂ ಇದೆ. 'ಗೇಮ್ ಆಫ್ ಥ್ರೋನ್ಸ್'ನ ಪೂರ್ವಕಥೆಯಾದ 'ಹೌಸ್ ಆಫ್ ದ ಡ್ರ್ಯಾಗನ್' 2022ರ ಆಗಸ್ಟ್‌ನಲ್ಲಿ ಆರಂಭವಾದಾಗ ಅಮೆರಿಕದಲ್ಲಿ ಮೊದಲ ರಾತ್ರಿ ಸುಮಾರು ಒಂದು ಕೋಟಿ ಜನ ನೋಡಿದ್ದರು. 2024ರ ಜೂನ್ 16ರಂದು ಎರಡನೆಯ ಸೀಸನ್ ಆರಂಭವಾದಾಗ ಆ ಸಂಖ್ಯೆ 78 ಲಕ್ಷಕ್ಕೆ ಇಳಿಯಿತು. ನೋಡಿದವರ ಚರ್ಚೆಯೆಲ್ಲ ಸುತ್ತುತ್ತಿದ್ದುದು ಕೊನೆಯ ದೃಶ್ಯವನ್ನು. ಅರಮನೆಗೆ ನುಗ್ಗಿದ ಇಬ್ಬರು ಹಂತಕರು ರಾಣಿ ಹೆಲೆನಾಳ ಎಳೆಯ ಮಗನನ್ನು ಕೊಲ್ಲುತ್ತಾರೆ.

ಧಾರಾವಾಹಿಯನ್ನಷ್ಟೇ ನೋಡಿದವರು ಬೆಚ್ಚಿಬಿದ್ದರು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಫೈರ್ ಅಂಡ್ ಬ್ಲಡ್' ಓದಿದವರಲ್ಲಿ ಅನೇಕರು "ಇಷ್ಟೇನಾ?" ಎಂದರು. ಪುಸ್ತಕದಲ್ಲಿ ಆ ತಾಯಿಗೆ ಇಬ್ಬರು ಗಂಡುಮಕ್ಕಳು. ಯಾರು ಸಾಯಬೇಕೆಂದು ಅವಳೇ ಆರಿಸಬೇಕು. ಅವಳು ಕಿರಿಯನ ಹೆಸರು ಹೇಳುತ್ತಾಳೆ, ಹಂತಕರು ಹಿರಿಯನನ್ನು ಕೊಲ್ಲುತ್ತಾರೆ. ತನ್ನ ಬಾಯಿಂದ ಸಾವಿಗೆ ಆಯ್ಕೆಯಾದ ಮಗುವನ್ನು ಮುಂದೆ ಆ ತಾಯಿ ದಿನವೂ ನೋಡುತ್ತ ಬದುಕಬೇಕು. ಧಾರಾವಾಹಿಯಲ್ಲಿ ಆ ಕಿರಿಯ ಮಗುವೇ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸ್ವತಃ ಮಾರ್ಟಿನ್ ತಮ್ಮ ಅಂತರ್ಜಾಲ ಪುಟದಲ್ಲಿ ಈ ಬದಲಾವಣೆ ದೃಶ್ಯದ ಕಸುವನ್ನು ಕುಗ್ಗಿಸಿತೆಂದು ಬರೆದರು. ಸ್ವಲ್ಪ ಹೊತ್ತಿನಲ್ಲೇ ಆ ಬರಹ ಅಲ್ಲಿಂದ ಮಾಯವಾಯಿತು. ಮೂಲ ಲೇಖಕರು ಹೇಳಿದರೆಂದು ವೀಕ್ಷಕರ ಬೆಚ್ಚುವಿಕೆ ಸುಳ್ಳಾಗುವುದಿಲ್ಲ. ಇಬ್ಬರೂ ನೋಡಿದ್ದು ಬೇರೆ ಬೇರೆ ದೃಶ್ಯ: ಒಬ್ಬರು ತೆರೆಯ ಮೇಲಿದ್ದುದನ್ನು, ಇನ್ನೊಬ್ಬರು ಅಲ್ಲಿ ಇಲ್ಲದ್ದನ್ನು.

(ಭಾರತದ ವೀಕ್ಷಕರಿಗೆ ಈ ಸರಣಿಯೊಂದಿಗೆ ಇನ್ನೊಂದು ತಾಪತ್ರಯ. ಮೊದಲ ಸೀಸನ್ ನೋಡಿದ್ದು ಹಾಟ್‌ಸ್ಟಾರ್‌ನಲ್ಲಿ, ಎರಡನೆಯದು ಜಿಯೊಸಿನಿಮಾದಲ್ಲಿ. 2025ರ ಫೆಬ್ರುವರಿಯಲ್ಲಿ ಎರಡೂ ಸೇರಿ ಜಿಯೊಹಾಟ್‌ಸ್ಟಾರ್ ಆದವು. ಬಾಡಿಗೆ ಮನೆ ಬದಲಿಸುವವರಂತೆ ಗಂಟುಮೂಟೆ ಹೊತ್ತು ತಿರುಗಿದ್ದಾಯಿತು.)

ಕಾಲದ ಅಂತರವೂ ಗಮನಾರ್ಹ. ಒಂದು ಸೀಸನ್ ಮುಗಿದು ಇನ್ನೊಂದು ಬರಲು 'ಡ್ರ್ಯಾಗನ್'ಗೆ ಇಪ್ಪತ್ತು ತಿಂಗಳು ಹಿಡಿದರೆ 'ರಿಂಗ್ಸ್ ಆಫ್ ಪವರ್'ಗೆ ಇಪ್ಪತ್ತೆರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹಳೆಯ ವೀಕ್ಷಕನೂ ಅರ್ಧ ಹೊಸಬನಾಗಿರುತ್ತಾನೆ. ಕನ್ನಡದಲ್ಲಿ 1949ರಿಂದ ಬರುತ್ತಿದ್ದ 'ಚಂದಮಾಮ'ದ ಬೇತಾಳ ಕಥೆಗಳನ್ನು ಇಲ್ಲಿ ನೆನೆಯಬೇಕು. ರಾಜ ಮರದ ಬಳಿಗೆ ಮರಳುತ್ತಾನೆ, ಹೆಣವನ್ನು ಹೆಗಲಿಗೇರಿಸುತ್ತಾನೆ, ಬೇತಾಳ ಕಥೆ ಆರಂಭಿಸುತ್ತದೆ. ಆರಂಭ ಪ್ರತಿ ತಿಂಗಳೂ ಅದೇ. ಹಳೆಯ ಓದುಗನಿಗೆ ಅದು ಮನೆಯ ಬಾಗಿಲು, ಹೊಸ ಓದುಗನಿಗೆ ಪೂರ್ಣ ಪರಿಚಯ. ಅರ್ಧ ಪುಟದಲ್ಲಿ ಕೆಲಸ ಮುಗಿಯುತ್ತಿತ್ತು. ಕೋಟಿಗಟ್ಟಲೆ ಡಾಲರ್‌ಗಳ ಸೀಸನ್ನುಗಳಿಗೆ ಆ ಅರ್ಧ ಪುಟ ಇನ್ನೂ ಸಿಕ್ಕಿಲ್ಲ.

ನಮ್ಮ ಕಿರುತೆರೆಯ ದಾರಿ ಬೇರೆ

ಕನ್ನಡದ ದೈನಂದಿನ ಧಾರಾವಾಹಿಗಳಿಗೆ ಈ ಸಂಕಟ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಜೀ ಕನ್ನಡದ 'ನಾಗಿಣಿ' 2016ರಲ್ಲಿ ದೀಪಿಕಾ ದಾಸ್ ಮತ್ತು ದೀಕ್ಷಿತ್ ಶೆಟ್ಟಿ ಅವರೊಂದಿಗೆ ಆರಂಭವಾಗಿ ಜನಪ್ರಿಯವಾಯಿತು. 2020ರಲ್ಲಿ 'ನಾಗಿಣಿ-2' ಬಂದಾಗ ನಾಯಕಿ ನಮ್ರತಾ ಗೌಡ, ನಾಯಕ ನಿನಾದ್ ಹರಿತ್ಸ. ಹೆಸರು ಹಳೆಯದು, ಮುಖ ಹೊಸದು. ಮೊದಲನೆಯದನ್ನು ಸಂಜೆಗಟ್ಟಲೆ ನೋಡಿದ ಮನೆಗಳು ಹೊಸ ನಾಗಿಣಿಯನ್ನು ಹಳೆಯವಳೊಡನೆ ತೂಗದೆ ಇರಲಾರವು. ಸೀರೆಯಿಂದ ಹಿಡಿದು ಕಣ್ಣಿನ ಹೊಳಪಿನವರೆಗೆ ಎಲ್ಲವೂ ತಕ್ಕಡಿಗೆ ಏರುತ್ತವೆ. ಗ್ರಾಫಿಕ್ಸ್ ಹಾವನ್ನು ಕಂಡು ನಗುವವರು, ನಗುತ್ತಲೇ ಮರುದಿನವೂ ನೋಡುವವರು, ಮೂಢನಂಬಿಕೆ ಬೆಳೆಸುತ್ತಾರೆಂದು ಆಕ್ಷೇಪಿಸುವವರು ಇಂಥ ಧಾರಾವಾಹಿಗಳಿಗೆ ಎಂದಿನಿಂದಲೂ ಇದ್ದಾರೆ.

ಆದರೆ ದೈನಂದಿನ ಧಾರಾವಾಹಿಗೆ ಒಂದು ಅನುಕೂಲವಿದೆ. ವಾರವಾರ ಬಾರ್ಕ್ ಸಂಸ್ಥೆಯ ಅಂಕಿಗಳು ವಾಹಿನಿಯ ಕೈಸೇರುತ್ತವೆ. ಯಾವುದೋ ಪಾತ್ರ ಹಿಡಿಸಲಿಲ್ಲವೆಂದರೆ ಅದು ಅಮೆರಿಕಕ್ಕೆ ಹೋಗಿಬಿಡುತ್ತದೆ, ಹಿಡಿಸಿತೆಂದರೆ ಸತ್ತವನಿಗೂ ಅವಳಿ ಸೋದರ ಹುಟ್ಟುತ್ತಾನೆ. ವೀಕ್ಷಕರ ಮಾತಿಗೆ ಕಥೆ ಬಾಗುತ್ತದೆ. ಇದನ್ನು ಹಗುರವಾಗಿ ನೋಡುವವರೂ ಒಪ್ಪಬೇಕಾದ ಮಾತೆಂದರೆ, ಇಲ್ಲಿ ಕೇಳುವವರಾದರೂ ಇದ್ದಾರೆ. ಒಟಿಟಿಯ ಸೀಸನ್ ಹಾಗಲ್ಲ. ಮೊದಲ ಕಂತು ಬಿಡುಗಡೆಯಾಗುವಾಗ ಕೊನೆಯ ಕಂತಿನ ಚಿತ್ರೀಕರಣವೂ ಮುಗಿದಿರುತ್ತದೆ. ತಪ್ಪು ತಿದ್ದಲು ಇನ್ನೊಂದು ಸೀಸನ್ ಬೇಕು. ಅಲ್ಲಿಯವರೆಗೆ ಕಾಯುವವರು ಎಷ್ಟು ಜನ?

ಉತ್ತರಕ್ಕೆ ಒಂದು ಸುಳಿವು ಇದೆ. 'ರಿಂಗ್ಸ್ ಆಫ್ ಪವರ್'ನ ಮೊದಲ ಸೀಸನ್ ಆರಂಭಿಸಿದವರಲ್ಲಿ ಕೊನೆಯವರೆಗೆ ನೋಡಿದವರು ಅಮೆರಿಕದಲ್ಲಿ ಶೇ 37, ಇತರ ದೇಶಗಳಲ್ಲಿ ಶೇ 45 ಎಂದು 'ದ ಹಾಲಿವುಡ್ ರಿಪೋರ್ಟರ್' 2023ರಲ್ಲಿ ವರದಿ ಮಾಡಿತು. ಬೈದವರೆಲ್ಲ ಬಿಟ್ಟುಹೋಗಲಿಲ್ಲ, ಹೊಗಳಿದವರೆಲ್ಲ ಉಳಿಯಲೂ ಇಲ್ಲ; ಸದ್ದಿಲ್ಲದೆ ಎದ್ದುಹೋದವರೇ ಬಹುಪಾಲು. 'ದ ವ್ಹೀಲ್ ಆಫ್ ಟೈಮ್'ನ ಗತಿ ಇನ್ನೂ ಕಠಿಣ. 2021ರ ನವೆಂಬರ್‌ನಲ್ಲಿ ಬಂದ ಅದರ ಮೊದಲ ಕಂತಿನಲ್ಲೇ, ರಾಬರ್ಟ್ ಜೋರ್ಡನ್ನರ ಕಾದಂಬರಿಯಲ್ಲಿಲ್ಲದ ಹೆಂಡತಿಯೊಬ್ಬಳನ್ನು ಪೆರಿನ್ ಎಂಬ ಪಾತ್ರಕ್ಕೆ ಕೊಟ್ಟು, ಅವನ ಕೈಯಿಂದಲೇ ಅವಳನ್ನು ಕೊಲ್ಲಿಸಲಾಯಿತು. ಓದುಗರ ಒಂದು ವರ್ಗ ಅದನ್ನು ಮರೆಯಲೇ ಇಲ್ಲ. 2025ರಲ್ಲಿ ಬಂದ ಮೂರನೆಯ ಸೀಸನ್ ವಿಮರ್ಶಕರಿಂದ ಅತ್ಯುತ್ತಮವೆನಿಸಿಕೊಂಡಿತು. ಅದೇ ವರ್ಷ ಮೇ ತಿಂಗಳಲ್ಲಿ ಧಾರಾವಾಹಿ ರದ್ದಾಯಿತು.

ಮಾತಿನ ಪ್ರಶ್ನೆ

ವಸಂತಪುರದ ಆ ಮನೆಗೆ ಮರಳೋಣ. ಅಜ್ಜಿ-ಮೊಮ್ಮಗನ ಭಿನ್ನಮತಕ್ಕೆ ಕಾರಣ ಕಥೆಯಲ್ಲ, ಭಾಷೆ. ಈ ಪ್ರಶ್ನೆ ಕನ್ನಡಿಗರಿಗೆ ತೀರ ಇತ್ತೀಚಿನದು.

ಅರ್ಧ ಶತಮಾನದ ಕಾಲ ಕನ್ನಡದಲ್ಲಿ ಡಬ್ಬಿಂಗ್‌ಗೆ ಅಘೋಷಿತ ನಿಷೇಧವಿತ್ತು. ಕನ್ನಡ ಚಿತ್ರೋದ್ಯಮ ಬೆಳೆಯಬೇಕು, ಇಲ್ಲಿನ ಕಲಾವಿದರಿಗೆ ಕೆಲಸ ಉಳಿಯಬೇಕು ಎಂಬ ಕಾಳಜಿಯಿಂದ 1960ರ ದಶಕದಲ್ಲಿ ಮೊದಲಾದ ಕ್ರಮವದು. ಆಗಿನ ಸ್ಥಿತಿಯಲ್ಲಿ ಅದಕ್ಕೆ ಅರ್ಥವಿತ್ತು. ಪರಿಣಾಮವಾಗಿ 1987ರಲ್ಲಿ ದೂರದರ್ಶನದ 'ರಾಮಾಯಣ'ವನ್ನು ಕನ್ನಡಿಗರು ಹಿಂದಿಯಲ್ಲೇ ನೋಡಿದರು. 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೆ' ಹಲವು ಭಾಷೆಗಳಲ್ಲಿ ಬಂದಾಗಲೂ ಕನ್ನಡಕ್ಕೆ ಬರಲಿಲ್ಲ. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಸಂಘಟನೆಗಳಿಗೆ ದಂಡ ವಿಧಿಸಿತು. ಆದರೂ 2016ರಲ್ಲಿ ಸ್ಟಾರ್ ಸುವರ್ಣ ವಾಹಿನಿ 'ಹರ ಹರ ಮಹಾದೇವ'ವನ್ನು ತಂದಾಗ ಹಿಂದಿಯ ಧಾರಾವಾಹಿಗೆ ಧ್ವನಿ ಕೂಡಿಸದೆ, ಕನ್ನಡ ಕಲಾವಿದರಿಂದಲೇ ಮರುಚಿತ್ರೀಕರಿಸಿತು. ಕೊನೆಗೂ ಕಟ್ಟೆ ಒಡೆದದ್ದು 2020ರಲ್ಲಿ. ಕೊರೊನಾ ಲಾಕ್‌ಡೌನ್‌ನಿಂದ ಚಿತ್ರೀಕರಣ ನಿಂತು ವಾಹಿನಿಗಳಲ್ಲಿ ಹೊಸ ಕಂತುಗಳಿಲ್ಲದಾದಾಗ, ಮೇ ತಿಂಗಳಲ್ಲಿ 'ಮಹಾಭಾರತ'ವು ಕನ್ನಡ ಧ್ವನಿಯೊಂದಿಗೆ ಮನೆಮನೆಗೆ ಬಂದಿತು.

'ಮಹಾಭಾರತ'ಕ್ಕೆ ಕನ್ನಡ ಕೂಡಿಸುವುದು ಒಂದು ರೀತಿಯಲ್ಲಿ ಸುಲಭ. ದುರ್ಯೋಧನ ಹೇಗೆ ಮಾತನಾಡಬೇಕೆಂದು ಯಕ್ಷಗಾನ, ಕಂಪನಿ ನಾಟಕ, 'ಬಭ್ರುವಾಹನ'ದಂಥ ಚಿತ್ರಗಳು ಆಗಲೇ ತೀರ್ಮಾನಿಸಿವೆ. ಎಲ್ಫ್ ಹೇಗೆ ಮಾತನಾಡಬೇಕು? ಅವನನ್ನು ಯಕ್ಷನೆನ್ನುವುದೋ, ಗಂಧರ್ವನೆನ್ನುವುದೋ? ಹಾಗೆಂದರೆ ನಮ್ಮ ಪುರಾಣವೆಲ್ಲ ಬೆನ್ನಿಗೆ ಅಂಟಿಕೊಂಡು ಬರುತ್ತದೆ. ಎಲ್ಫ್ ಎಂದೇ ಬಿಟ್ಟರೆ ಅಜ್ಜಿಗೆ ಅರ್ಥವಾಗದು. ಪೌರಾಣಿಕ ಗತ್ತು ಹೆಚ್ಚಾದರೆ ಹುಡುಗನಿಗೆ ನಗು, ಜಯನಗರ ನಾಲ್ಕನೇ ಬ್ಲಾಕಿನ ಕನ್ನಡವಾದರೆ ಕಿರೀಟ ತಲೆಯ ಮೇಲೆ ನಿಲ್ಲದು.

ಇದಕ್ಕಿಂತ ಸೂಕ್ಷ್ಮವಾದದ್ದು 'ನೀನು' ಮತ್ತು 'ನೀವು'. ಇಂಗ್ಲಿಷಿಗೆ ಒಂದೇ ಪದ ಸಾಕು. ಕನ್ನಡದ ಸಂಭಾಷಣೆಕಾರ ಮೊದಲ ಸಾಲಿನಲ್ಲೇ ಯಾರು ಯಾರಿಗಿಂತ ಮೇಲು, ಯಾರು ಆಪ್ತರು ಎಂದು ಗೊತ್ತುಮಾಡಬೇಕು. 'ರಿಂಗ್ಸ್ ಆಫ್ ಪವರ್'ನ ಮೊದಲ ಕಂತಿನ ಕೊನೆಗೆ ಆಕಾಶದಿಂದ ಬೀಳುವ ಅಪರಿಚಿತ ಗ್ಯಾಂಡಾಲ್ಫನೆಂದು ಸ್ಪಷ್ಟವಾದದ್ದು 2024ರಲ್ಲಿ, ಎರಡನೆಯ ಸೀಸನ್ನಿನ ಕೊನೆಗೆ. ಎರಡನೆಯ ಕಂತಿನಲ್ಲಿ ತೆಪ್ಪದ ಮೇಲೆ ಸಿಗುವ ಹಾಲ್‌ಬ್ರಾಂಡ್ ಖಳನಾಯಕ ಸೌರನ್ ಎಂದು ತಿಳಿಯುವುದು ಮೊದಲ ಸೀಸನ್ನಿನ ಕೊನೆಗೆ. ಅಲ್ಲಿಯವರೆಗೆ ಒಬ್ಬನನ್ನು 'ಅವರು' ಎಂದರೂ ಗುಟ್ಟು ರಟ್ಟಾದೀತು, ಇನ್ನೊಬ್ಬನನ್ನು 'ಅವನು' ಎಂದರೂ ಅನುಮಾನ ಹುಟ್ಟೀತು. ಜೊತೆಗೆ ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ನಟಿಯ ಕಣ್ಣು ಕೆಂಪಾದ ಮೇಲೆ ಸಿಟ್ಟಿನ ಪದ ಕೇಳಿಸುತ್ತದೆ. ತುಟಿಗೂ ಹೊಂದಬೇಕು, ಅರ್ಥಕ್ಕೂ ಹೊಂದಬೇಕು. ಹುಡುಗನಿಗೆ 'ಮಜಾ ಇಲ್ಲ' ಎನಿಸಿದ್ದರಲ್ಲಿ ಈ ಅಂತರದ ಪಾಲೂ ಇರಬೇಕು. ಹುಟ್ಟಿದಾಗಿನಿಂದ ಅದ್ಭುತವನ್ನೆಲ್ಲ ಇಂಗ್ಲಿಷಿನಲ್ಲೇ ಕೇಳಿದ ಕಿವಿಯ ಪಾಲು ಅದಕ್ಕಿಂತ ದೊಡ್ಡದು.

ಈ ಕೆಲಸ ಚೆನ್ನಾಗಿ ಆಗಬೇಕಾದರೆ ಕನ್ನಡ ಬಲ್ಲ ಬರಹಗಾರರಿಗೆ ಸಮಯವೂ ಸಂಭಾವನೆಯೂ ಹೆಸರೂ ಸಿಗಬೇಕು. ಕನ್ನಡ ಧ್ವನಿಯನ್ನು ಎಷ್ಟು ಜನ ಆರಿಸಿಕೊಂಡರೆಂಬ ಲೆಕ್ಕವನ್ನು ಕಂಪನಿಗಳು ಒಡೆದು ಹೇಳುವುದಿಲ್ಲ. ಆದರೆ ಅವರ ಬಳಿ ಆ ಲೆಕ್ಕ ಇದ್ದೇ ಇರುತ್ತದೆ. ಮುಂದಿನ ಸೀಸನ್ನಿಗೆ ಕನ್ನಡ ಇರಬೇಕೋ ಬೇಡವೋ ಎಂಬುದರ ತೀರ್ಮಾನದಲ್ಲಿ, ಕನ್ನಡ ಧ್ವನಿ ಹಾಕಿ ನೋಡಿ ಅಲ್ಲಲ್ಲಿ ಮುಖ ಸಿಂಡರಿಸಿದವರೂ ಎಣಿಕೆಗೆ ಬರುತ್ತಾರೆ. ಇಂಗ್ಲಿಷಿಗೆ ಬದಲಿಸಿಕೊಂಡವರು ಬರುವುದಿಲ್ಲ.

2024ರ ಆಗಸ್ಟ್ 29ರಂದು ಎರಡನೆಯ ಸೀಸನ್ನಿನ ಮೂರು ಕಂತುಗಳು ಒಟ್ಟಿಗೆ ಬಂದವು, ಕನ್ನಡವೂ ಜೊತೆಗಿತ್ತು. ಹುಡುಗ ಆ ಹೊತ್ತಿಗೆ ಕೆಲಸಕ್ಕೆಂದು ಪುಣೆ ಸೇರಿದ್ದ. ಅಜ್ಜಿ ತಾವೇ ರಿಮೋಟ್ ಒತ್ತಿ, ಐದು ನಿಮಿಷ ನೋಡಿ, ಅರ್ಧದಲ್ಲೇ ನಿಲ್ಲಿಸಿ, "ಆ ತೆಪ್ಪದ ಮೇಲಿದ್ದವನು ಒಳ್ಳೆಯವನೋ ಕೆಟ್ಟವನೋ, ಮರೆತೇಹೋಗಿದೆ" ಎಂದು ಮೊಮ್ಮಗನಿಗೆ ಫೋನ್ ಮಾಡಿದರಂತೆ. ಅವನು ಕಚೇರಿಯ ಕ್ಯಾಬ್‌ನಲ್ಲಿ ಕುಳಿತು, ಇಳಿಯುವ ತನಕ ಹಿಂದಿನ ಕಥೆಯನ್ನೆಲ್ಲ ಕನ್ನಡದಲ್ಲೇ ಹೇಳಿದನಂತೆ.